ಸೋದರಮಾವ ಬೆಳೆಸಿದ ಮೊಳಕೆ

ಮದುವೆ ಮನೆಗಳಲ್ಲಿ ಎರಡು ಬಗೆಯ ಗಂಡಸರನ್ನು ನೀವು ನೋಡಿರಬಹುದು. ಒಬ್ಬ ಸದಾ ಓಡಾಡುತ್ತಿರುತ್ತಾನೆ. ಅವನ ಜೇಬಿನಲ್ಲಿ ಉಗ್ರಾಣದ ಬೀಗದ ಕೈ, ಕಂಕುಳಲ್ಲಿ ಬಾಳೆಲೆ ಕಟ್ಟು, ಬಾಯಲ್ಲಿ ಬೈಗುಳ. ತೆಂಗಿನಕಾಯಿಯಿಂದ ಹಿಡಿದು ಪುರೋಹಿತರ ಚಪ್ಪಲಿಯವರೆಗೆ ಏನು ಬೇಕಾದರೂ ಜನ ಅವನನ್ನೇ ಕೂಗುತ್ತಾರೆ. ಇನ್ನೊಬ್ಬ ಇಸ್ತ್ರಿ ಕೆಡದ ಶರಟು ಹಾಕಿಕೊಂಡು ಫ್ಯಾನಿನ ಕೆಳಗೆ ಕೂತಿರುತ್ತಾನೆ. ಅವನಿಗೆ ಹೊತ್ತು ಹೊತ್ತಿಗೆ ಕಾಫಿ ಬರುತ್ತದೆ, ಕೆಲಸ ಮಾತ್ರ ಬರುವುದಿಲ್ಲ. ಗೊತ್ತಿಲ್ಲದವರು ಅವನನ್ನು ಯಾರೋ ದೊಡ್ಡ ಮನುಷ್ಯ ಅಂದುಕೊಳ್ಳುತ್ತಾರೆ. ನಿಜ ಸಂಗತಿ ಏನೆಂದರೆ, ಹಿಂದೆ ಯಾವಾಗಲೋ ಅವನಿಗೆ ಒಂದು ಕೆಲಸ ಕೊಟ್ಟು ನೋಡಿರುತ್ತಾರೆ. ಆ ಎರಡನೆಯವನು ನಾನು.

ನಾನೇನೂ ಹುಟ್ಟಿನಿಂದ ಅಂಥವನಲ್ಲ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಲ್ಲಿ ನನ್ನ ಕೈಯಲ್ಲಿ ಪರೀಕ್ಷಾ ನಳಿಕೆ ಕೂಡ ಒಡೆದಿಲ್ಲ. ನೆಂಟರ ನಡುವೆ ನನ್ನ ಹೆಸರು ಕೆಟ್ಟಿದ್ದು ಮುತ್ತತ್ತಿಯಲ್ಲಿ. ನನ್ನ ಅಕ್ಕ ಜಯಕ್ಕನನ್ನು ಕೊಟ್ಟಿರುವುದು ದುದ್ದಕ್ಕೆ. ಅವರ ಮನೆಯವರು ವರ್ಷಕ್ಕೊಮ್ಮೆ ಮುತ್ತತ್ತಿಗೆ ಹೋಗಿ, ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆ ದಂಡೆಯಲ್ಲಿ ಅಡುಗೆ ಮಾಡಿ ಉಂಡು ಬರುತ್ತಾರೆ. ಒಂದು ವರ್ಷ ಎಲ್ಲರೂ ಸ್ನಾನಕ್ಕೆ ಇಳಿದಾಗ, ದೇವರಿಗೆ ಎಂದು ತಂದಿದ್ದ ಬಾಳೆಗೊನೆಯನ್ನು ಕಾಯುವ ಕೆಲಸ ನನಗೆ ಬಿತ್ತು. ಪಕ್ಕದ ಮರದಲ್ಲಿ ಕೋತಿಗಳ ದೊಡ್ಡ ಸಂಸಾರವೇ ಕೂತಿತ್ತು. ಯಾರೋ ಪ್ರವಾಸಿಗರು ಅದನ್ನು ನೋಡಿ ಏನೋ ಕೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಇರುವುದು ನನ್ನಿಂದಾಗದ ಕೆಲಸ. ಕೋತಿಗಳ ಗುಂಪಿನಲ್ಲಿ ಯಜಮಾನಿಕೆ ಹೇಗೆ ತೀರ್ಮಾನವಾಗುತ್ತದೆ ಎಂದು ವಿವರಿಸತೊಡಗಿದೆ. ವಿವರಣೆ ಬಹಳ ಚೆನ್ನಾಗಿಯೇ ಬಂತು. ತಿರುಗಿ ನೋಡಿದರೆ ಗೊನೆಯ ದಿಂಡು ಮಾತ್ರ ಉಳಿದಿತ್ತು. ಅಕ್ಕನ ಅತ್ತೆ ನಿಂಗಮ್ಮ, ನಾವೆಲ್ಲ ನಿಂಗಜ್ಜಿ ಎಂದು ಕರೆಯುವ ಎಂಬತ್ತು ದಾಟಿದ ಮುದುಕಿ, ಒದ್ದೆ ಸೀರೆಯಲ್ಲಿ ನಿಂತು ಆ ದಿಂಡನ್ನೂ ನನ್ನನ್ನೂ ಒಂದು ಸಲ ನೋಡಿ ತೀರ್ಪು ಕೊಟ್ಟಳು.

"ಇವುನ್ಗೆ ಇನ್ಮೇಲೆ ಯಾವ ಕೆಲ್ಸಾನೂ ಏಳ್ಬ್ಯಾಡಿ ಕಣ್ರಪ್ಪ. ಪಾಠ ಏಳೋನ್ಗೆ ಕಾಯಾಕ್ ಬರಾಕಿಲ್ಲ."

ಆ ತೀರ್ಪು ಹನ್ನೊಂದು ವರ್ಷ ಜಾರಿಯಲ್ಲಿತ್ತು. ಅಷ್ಟರಲ್ಲಿ ಅಕ್ಕನ ಮಗಳು ಸುಮಳಿಗೆ ಮಳವಳ್ಳಿ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಎರಡೂ ಕಡೆಯವರಿಗೆ ಅನುಕೂಲವಾಗಲಿ ಎಂದು ಮದ್ದೂರಿನಲ್ಲಿ ಕಲ್ಯಾಣ ಮಂಟಪ ಹಿಡಿದರು. ಅಕ್ಕನ ಮನೆಯಲ್ಲಿ ಒಂದು ಪದ್ಧತಿಯಿದೆ. ಹುಡುಗಿಯ ಸೋದರಮಾವ ಮದುವೆಗೆ ಒಂಬತ್ತು ದಿನ ಮುಂಚೆ ಹುತ್ತದ ಮಣ್ಣು ತಂದು, ಅಗಲ ಬಾಯಿಯ ಮಣ್ಣಿನ ಕುಂಡಕ್ಕೆ ತುಂಬಿ, ಒಂಬತ್ತು ಧಾನ್ಯ ಬಿತ್ತಿ ಮೊಳಕೆ ಬರಿಸಬೇಕು. ಧಾರೆಯ ಹೊತ್ತಿಗೆ ಆ ಕುಂಡವನ್ನು ತಾನೇ ಹೊತ್ತು ತಂದು, ಅದಕ್ಕೆ ಇಟ್ಟ ಕುಂಕುಮ ಗಂಡಿನ ಕಡೆಗಿರುವಂತೆ, ಗಂಡು ಹೆಣ್ಣಿನ ನಡುವೆ ಇಡಬೇಕು. ಇದನ್ನು ಬೇರೆ ಯಾರೂ ಮಾಡುವ ಹಾಗಿಲ್ಲ. ಅಕ್ಕ ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಮನೆಗೆ ಬಂದು, ಖಾಲಿ ಕುಂಡವನ್ನು ನನ್ನ ಮುಂದಿಟ್ಟು, ಸುತ್ತಿ ಬಳಸದೆ ಹೇಳಿದಳು.

"ನೋಡಪ್ಪಾ, ನಂಗಿರೋನು ನೀನೊಬ್ನೇ ತಮ್ಮ. ಇನ್ನೊಬ್ಬ ಇದ್ದಿದ್ರೆ ಅವುನ್ಗೆ ಏಳ್ತಿದ್ದೆ."

ಹೀಗೆ ನನಗೆ ಮತ್ತೆ ಕೆಲಸ ಸಿಕ್ಕಿತು. ಆದರೆ ಅದಕ್ಕೊಂದು ಷರತ್ತಿತ್ತು. ಮೊಳಕೆ ನೆಟ್ಟಗೆ ಬರಬೇಕು. ಎತ್ತಲಾದರೂ ವಾಲಿದರೆ, ವಾಲಿದ ಕಡೆಯವರ ಮಾತೇ ಆ ಸಂಸಾರದಲ್ಲಿ ಕೊನೆಯವರೆಗೆ ನಡೆಯುತ್ತದೆ ಎಂದು ನಂಬಿಕೆ. ಇದರಲ್ಲಿ ನಿಂಗಜ್ಜಿಗೆ ಸ್ವಂತ ಅನುಭವವಿತ್ತು. "ನನ್ ಮದ್ವೇಲಿ ಮೊಳೆ ನಮ್ಮತ್ತೆ ಕಡೀಕ್ ವಾಲಿತ್ತು ಕಣಮ್ಮ. ಆಯಮ್ಮ ಸಾಯಗಂಟ ನಾನು ಬಾಯ್ ಬುಡ್ನಿಲ್ಲ" ಎಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ನಿಂಗಜ್ಜಿಯ ಬಾಯಿ ಕಂಡ ನಮಗೆ ಆ ಅತ್ತೆ ಎಂಥವಳಿದ್ದಿರಬಹುದು ಎಂದು ಊಹಿಸುವುದೇ ಕಷ್ಟ. ಸುಮ ಓದಿದ ಹುಡುಗಿ, ಮಂಡ್ಯದಲ್ಲಿ ನರ್ಸು. ಇದನ್ನೆಲ್ಲ ಕೇಳಿ ನಕ್ಕಳು. ಆದರೆ ಅವಳ ಅತ್ತೆಯಾಗುವವರ ಮಾತು ಬಹಳ ಗಟ್ಟಿ ಎಂಬ ಸುದ್ದಿ ಮಳವಳ್ಳಿಯಿಂದ ದುದ್ದದವರೆಗೂ ಬಂದಿತ್ತು. ಮಾರನೆಯ ದಿನ ಅವಳು ನನಗೊಬ್ಬನಿಗೇ ಫೋನು ಮಾಡಿ, "ನಂಗೇನೂ ನಂಬಿಕೆ ಇಲ್ಲ ಮಾವ. ಆದ್ರೂ ನೆಟ್ಟಗೇ ಬರ್ಲಿ" ಅಂದಳು. ಆ 'ಆದ್ರೂ' ಕೇಳಿ ನನಗೆ ಜವಾಬ್ದಾರಿಯ ಭಾರ ಗೊತ್ತಾಯಿತು.

ಬಿತ್ತನೆಯ ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿಯೇ ಮಾಡಿದೆ. ಭತ್ತ, ಗೋಧಿ, ರಾಗಿ, ಅವರೆ, ಹುರುಳಿ ಎಂದು ಒಂಬತ್ತನ್ನೂ ನೆನೆಹಾಕಿ ಶನಿವಾರ ಬೆಳಿಗ್ಗೆ ಬಿತ್ತಿದೆ. ನನ್ನ ಹೆಂಡತಿ ಶೋಭ ಕುಂಡವನ್ನು ಅಡುಗೆಮನೆಯ ಮೂಲೆಗೆ ಸರಿಸಿ ಮೇಲೊಂದು ಮಂಕರಿ ಬೋರಲು ಹಾಕಿದಳು. ಮಂಕರಿ ಎಂದರೆ ಹೊಲಕ್ಕೆ ಗೊಬ್ಬರ ಹೊರುವ ಬಿದಿರಿನ ದೊಡ್ಡ ಬುಟ್ಟಿ. ಅವಳ ತವರಿನಿಂದ ಬಂದದ್ದು, ಗೊಬ್ಬರ ಕಾಣದ ಹೊಸ ಮಂಕರಿ. "ಕತ್ಲಲ್ಲಿ ಇರ್ಬೇಕಂತೆ, ಅತ್ತಿಗೆ ಹೇಳಿದ್ರು" ಅಂದಳು. ಮೂರು ದಿನ ನಾನು ಸುಮ್ಮನಿದ್ದೆ. ಮಂಗಳವಾರ ಸಂಜೆ ಮಂಕರಿ ಎತ್ತಿ ನೋಡಿದರೆ ಎರಡು ಬೆರಳು ಉದ್ದದ ಮೊಳಕೆಗಳು ಎದ್ದು ನಿಂತಿವೆ. ಆದರೆ ಬಣ್ಣವೋ, ಕಾಮಾಲೆ ಬಂದವರ ಬಣ್ಣ. ನನ್ನೊಳಗಿನ ಮೇಷ್ಟ್ರು ಎಚ್ಚರವಾದ.

"ಬೆಳಕಿಲ್ಲದೆ ಪತ್ರಹರಿತ್ತು ಎಲ್ಲಿಂದ ಬರಬೇಕು? ದ್ಯುತಿಸಂಶ್ಲೇಷಣೆ ಹೇಗೆ ನಡೆಯಬೇಕು? ಇದು ಮೊಳಕೆಗಳ ಮೇಲೆ ನಡೆಯುತ್ತಿರುವ ಅನ್ಯಾಯ" ಎಂದೆ.

"ಅವು ನಿಮ್ಮತ್ರ ಬಂದು ಕಂಪ್ಲೇಂಟ್ ಕೊಟ್ವಾ?" ಅಂದಳು ಶೋಭ.

ಅವಳಿಗೆ ವಿಜ್ಞಾನದ ಹಿನ್ನೆಲೆ ಇಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸಿ, ಕುಂಡವನ್ನು ಎತ್ತಿಕೊಂಡು ಹೋಗಿ ಹಜಾರದ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಮಾರನೆಯ ದಿನ ಶಾಲೆಯಿಂದ ಬಂದು ಚಪ್ಪಲಿ ಕೂಡ ಬಿಡದೆ ನೋಡಿದೆ. ಬಣ್ಣವೇನೋ ಹಸಿರಾಗಿತ್ತು. ಆದರೆ ಅಷ್ಟೂ ಮೊಳಕೆಗಳು, ಭತ್ತದಿಂದ ಹುರುಳಿಯವರೆಗೆ ಒಂದೂ ಬಿಡದೆ, ಬೀದಿಯಲ್ಲಿ ಜಗಳ ಆದಾಗ ಮನೆಮಂದಿಯೆಲ್ಲ ಕಿಟಕಿಗೆ ಬರುವಂತೆ, ಹೊರಗಡೆಗೆ ಬಗ್ಗಿಕೊಂಡು ನಿಂತಿದ್ದವು.

ಹೀಗೇಕಾಯಿತು ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಾರರು. ಅದೇ ನಾಚಿಕೆಯ ವಿಷಯ. ಪ್ರತಿವರ್ಷ ಹತ್ತನೆಯ ತರಗತಿಗೆ ನಾನು ಈ ಪಾಠ ಮಾಡುತ್ತೇನೆ. ಮೊಳಕೆಗೆ ಬೆಳಕು ಗೊತ್ತಾಗುವುದು ಅದರ ತುದಿಯಲ್ಲಿ. ಒಂದೇ ಕಡೆಯಿಂದ ಬೆಳಕು ಬಿದ್ದರೆ ತುದಿಯಿಂದ ಕೆಳಕ್ಕೆ ಸುದ್ದಿ ಹೋಗುತ್ತದೆ. ಆಕ್ಸಿನ್ ಎಂಬ ರಸ ಕತ್ತಲ ಕಡೆಗೆ ಸರಿದು ಅಲ್ಲಿ ಹೆಚ್ಚಾಗಿ ಸೇರುತ್ತದೆ. ಆ ಕಡೆಯ ಕೋಶಗಳು ಉದ್ದವಾಗುತ್ತವೆ, ಬೆಳಕಿನ ಕಡೆಯವು ಅಷ್ಟು ಉದ್ದವಾಗುವುದಿಲ್ಲ. ಒಂದು ಪಕ್ಕ ಉದ್ದ, ಇನ್ನೊಂದು ಪಕ್ಕ ಗಿಡ್ಡ ಆದರೆ ಗಿಡ ಬಾಗದೆ ಇನ್ನೇನು ಮಾಡೀತು? ನಾವು ಮಾತ್ರ, ಆಹಾ, ಗಿಡ ಬೆಳಕನ್ನು ಅರಸಿ ಹೊರಟಿತು ಎಂದು ಕವಿಗಳ ಹಾಗೆ ಹೇಳುತ್ತೇವೆ. ಹೋದ ವರ್ಷ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, "ಸಾ, ಅಂಗಾರೆ ಕೆಲ್ಸ ಎಲ್ಲಾ ಮಾಡೋದು ಕತ್ಲೆ ಕಡೇದು, ಎಸ್ರು ಮಾತ್ರ ಬೆಳಕ್ಗಾ?" ಎಂದು ಕೇಳಿದ್ದಳು. ಕುಳಿತುಕೋ, ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿದ್ದೆ. ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಕುಂಡವನ್ನು ಕಿಟಕಿಯಲ್ಲಿ ಇಟ್ಟ. ಪಾಠ ಇರುವುದು ಶಾಲೆಯಲ್ಲಿ, ಕಿಟಕಿ ಇರುವುದು ಮನೆಯಲ್ಲಿ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲೇ ಇಲ್ಲ.

ಆದರೂ ಸೋಲೊಪ್ಪಲಿಲ್ಲ. ಅದೇ ಪಾಠದಲ್ಲಿ ಒಂದು ಪ್ರಯೋಗವೂ ಇದೆ. ಮೊಳಕೆಯ ತುದಿಗೆ ಬೆಳಕು ತೂರದ ಟೋಪಿ ಹಾಕಿದರೆ ಅದಕ್ಕೆ ಬೆಳಕು ಯಾವ ಕಡೆಯಿದೆ ಎಂದು ತಿಳಿಯುವುದಿಲ್ಲ, ಬಾಗುವುದೂ ಇಲ್ಲ. ನನ್ನ ಬಿ.ಪಿ. ಮಾತ್ರೆಗಳ ಖಾಲಿ ಪಟ್ಟಿಗಳಿಂದ ಬೆಳ್ಳಿ ಕಾಗದ ಸುಲಿದು, ಊದುಬತ್ತಿ ಕಡ್ಡಿಗೆ ಸುತ್ತಿ, ಒಂದೊಂದೇ ಟೋಪಿ ಮಾಡಿದೆ. ಇಪ್ಪತ್ತೆಂಟು ಟೋಪಿಗಳಾದವು. ಭತ್ತ, ಗೋಧಿ, ರಾಗಿ ಇವೆಲ್ಲ ಸೂಜಿಯಂತೆ ಎದ್ದಿರುವುದರಿಂದ ಟೋಪಿ ಹಾಕಿಸಿಕೊಂಡವು. ಅವರೆ, ಹುರುಳಿಗಳದು ಆಗಲೇ ಎರಡು ಎಲೆ ಬಿಚ್ಚಿದ ಗತ್ತು, ಅವು ತಲೆಗೊಡಲಿಲ್ಲ. ಕೊನೆಯ ಟೋಪಿ ಹಾಕುತ್ತಿದ್ದಾಗ ಬೆನ್ನ ಹಿಂದೆ ಶೋಭ ಬಂದು ನಿಂತಿದ್ದಳು.

"ಏನ್ರೀ ಇದು? ಮೊಳಕೆಗೆಲ್ಲ ಮಂಕಿ ಟೋಪಿ ಹಾಕಿದ್ದೀರ? ನೆಗಡಿ ಆಗಿದ್ಯಾ ಅವಕ್ಕೆ?"

"ಇದು ಪ್ರಯೋಗ. ನಿನಗೆ ಅರ್ಥವಾಗುವುದಿಲ್ಲ."

"ಅದ್ಯಾಕೆ ಅಷ್ಟೊಂದು ಕಷ್ಟ? ಹೋಗ್ತಾ ಬರ್ತಾ ಕುಂಡ ತಿರುಗ್ಸಿದ್ರೆ ಆಯ್ತಪ್ಪ. ಬಾಲ್ಕನಿ ತುಳಸೀನ ನಾನು ದಿನಾ ತಿರುಗ್ಸೋದಿಲ್ವಾ?"

ನಮ್ಮ ಬಾಲ್ಕನಿಯ ತುಳಸಿಗೆ ಮೂರು ಕಡೆ ಗೋಡೆ, ಒಂದೇ ಕಡೆ ಬೆಳಕು. ಅದು ಇಷ್ಟು ವರ್ಷ ಕಂಬದಂತೆ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಮಾರನೆಯ ದಿನ ತರಗತಿಯಲ್ಲಿ ಹೇಳಬೇಕಾದ ದ್ಯುತಿ ಅನುವರ್ತನೆಯ, ಅಂದರೆ ಗಿಡ ಬೆಳಕಿನ ಕಡೆಗೆ ಬಾಗುವ ಪಾಠದ, ಟಿಪ್ಪಣಿಗಳನ್ನು ನಾನು ಬರೆದುಕೊಳ್ಳುತ್ತಿದ್ದೆ. ಈ ತುಳಸಿ ಯಾಕೆ ಬಾಗಿಲ್ಲ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆದರೆ ಇದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳುವುದು ಹೇಗೆ? "ತಿರುಗಿಸುವುದೆಲ್ಲ ಅವೈಜ್ಞಾನಿಕ. ಟೋಪಿ ಸಾಕು" ಎಂದುಬಿಟ್ಟೆ.

ಟೋಪಿ ಸಾಲಲಿಲ್ಲ. ಫ್ಯಾನಿನ ಗಾಳಿಗೆ ಅರ್ಧ ಹಾರಿಹೋದವು. ಉಳಿದ ಅರ್ಧದ ಭಾರಕ್ಕೆ ರಾಗಿ ಮೊಳಕೆಗಳು ಕುತ್ತಿಗೆ ಬಗ್ಗಿಸಿದವು. ಟೋಪಿ ಕಳಚಿದವರು, ತಲೆಗೊಡದವರು ಎಲ್ಲ ಬೀದಿ ನೋಡುತ್ತಲೇ ಇದ್ದರು. ಗುರುವಾರ ಬೆಳಿಗ್ಗೆ ಟೋಪಿಗಳನ್ನೆಲ್ಲ ತೆಗೆದು ಎಸೆದೆ. ಆಮೇಲೆ, ಶೋಭ ಸ್ನಾನದ ಮನೆಗೆ ಹೋದ ಸಮಯ ನೋಡಿ, ಕಳ್ಳನ ಹಾಗೆ ಬಂದು ಕುಂಡವನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸಿದೆ. ಈಗ ಬಾಗಿದ್ದೆಲ್ಲ ಮನೆಯೊಳಕ್ಕೆ ಮುಖ ಮಾಡಿ ನಿಂತವು. ಸಂಜೆಯ ಹೊತ್ತಿಗೆ ಕಿಟಕಿಯ ಬೆಳಕು ಅವುಗಳನ್ನು ನೆಟ್ಟಗೆ ಎಬ್ಬಿಸುತ್ತದೆ ಎಂಬ ಧೈರ್ಯದಿಂದ ಶಾಲೆಗೆ ಹೋದೆ.

ಸಂಜೆ ಬಂದು ನೋಡಿದರೆ ಮೊಳಕೆಗಳು ಮತ್ತೆ ಬೀದಿಯ ಕಡೆಗೆ ವಾಲಿವೆ, ನಿನ್ನೆಗಿಂತ ಜಾಸ್ತಿ! ಒಂದೇ ಹಗಲಿನಲ್ಲಿ ಮನೆಯ ಕಡೆಯಿಂದ ಬೀದಿಯ ಕಡೆಗೆ ಪೂರ್ತಿ ಹೊರಳಿದ್ದವು. ಇಷ್ಟು ಚುರುಕಿನ ಮೊಳಕೆ ಯಾವ ಪುಸ್ತಕದಲ್ಲೂ ಇಲ್ಲ. ಶುಕ್ರವಾರ ಬೆಳಿಗ್ಗೆ ಮತ್ತೆ ತಿರುಗಿಸಿದೆ, ಸಂಜೆ ಮತ್ತೆ ಅದೇ ಕತೆ. ಶನಿವಾರವೂ ಅದೇ. ಹುತ್ತದ ಮಣ್ಣಿನಲ್ಲಿ ಏನಾದರೂ ವಿಶೇಷವಿದೆಯೇ ಎಂದು ಯೋಚಿಸಿದೆ. ಗುತ್ತಲಿನ ನೀರಿನ ಮೇಲೂ ಅನುಮಾನ ಬಂತು. ಕೊನೆಕೊನೆಗೆ ಪಠ್ಯಪುಸ್ತಕದಲ್ಲೇ ತಪ್ಪಿರಬೇಕು, ಇದನ್ನು ಮೇಲಿನವರಿಗೆ ಬರೆದು ತಿಳಿಸಬೇಕು ಎಂಬ ಹಂತಕ್ಕೂ ಬಂದೆ. ಮನುಷ್ಯನ ಅಹಂಕಾರ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ. ತನ್ನ ಮನೆಯ ಅಡುಗೆಮನೆಯನ್ನು ಅನುಮಾನಿಸುವ ಮೊದಲು ಇಡೀ ಸಸ್ಯಶಾಸ್ತ್ರವನ್ನು ಅನುಮಾನಿಸುತ್ತದೆ.

ಸತ್ಯ ಹೊರಬಿದ್ದದ್ದು ಭಾನುವಾರ ಬೆಳಿಗ್ಗೆ, ಮದ್ದೂರಿಗೆ ಹೋಗುವ ಬಸ್ಸಿನಲ್ಲಿ. ಕುಂಡಕ್ಕೆ ಒದ್ದೆ ಪಂಚೆ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನನ್ನ ಮುಖ ನೋಡಿ ಶೋಭಳಿಗೆ ಅಯ್ಯೋ ಅನಿಸಿರಬೇಕು.

"ನಾನೂ ನನ್ ಕೈಲಾದಷ್ಟು ಮಾಡ್ದೆ ರೀ. ನಿಮಗೆ ಹೇಳಿದ್ರೆ ಬೈತೀರ ಅಂತ, ನೀವು ಸ್ಕೂಲಿಗೆ ಹೋದ್ಮೇಲೆ ದಿನಾ ಒಂದರ್ಧ ಸುತ್ತು ತಿರುಗಿಸ್ತಿದ್ದೆ. ಆದ್ರೂ ನೆಟ್ಟಗಾಗ್ಲಿಲ್ಲ" ಅಂದಳು.

ನಾನು ಹೊರಗೆ ನೋಡಿದೆ. ಕಬ್ಬಿನ ಗದ್ದೆಗಳು ಹಿಂದೆ ಹೋಗುತ್ತಿದ್ದವು. "ಎಷ್ಟು ಸುತ್ತು ಅಂದೆ?" ಎಂದು ಕೇಳಿದೆ.

"ಅರ್ಧ."

"ವಾಲಿರೋದು ಎತ್ತ ಅಂತ ನೋಡಿ ತಿರುಗಿಸಿದೆಯೋ?"

"ನೋಡೋದೇನು? ತುಳಸಿಗೆ ನೀರು ಹಾಕಿ, ಅದನ್ನ ತಿರುಗ್ಸಿ, ಹಂಗೇ ಬಂದು ಇದನ್ನೂ ತಿರುಗ್ಸಿ ಒಲೆ ಹಚ್ತಿದ್ದೆ. ಕೈಯಭ್ಯಾಸ."

ನಾನು ಅರ್ಧ, ಅವಳು ಅರ್ಧ. ಒಬ್ಬರಿಗೊಬ್ಬರು ಹೇಳದೆ, ಇಬ್ಬರೂ ಒಂದೇ ಕಾಳಜಿಯಿಂದ, ಕುಂಡವನ್ನು ದಿನಾ ಒಂದು ಪೂರ್ತಿ ಸುತ್ತು ಹಾಕಿಸಿ ಇದ್ದ ಕಡೆಗೇ ತಂದು ನಿಲ್ಲಿಸಿದ್ದೆವು. ಪಾಪದ ಮೊಳಕೆಗಳು ಎಳ್ಳಷ್ಟೂ ತಪ್ಪಿಲ್ಲದೆ ಪಠ್ಯಪುಸ್ತಕದಂತೆಯೇ ನಡೆದುಕೊಂಡಿದ್ದವು. ನಾನೂ ತಿರುಗಿಸುತ್ತಿದ್ದೆ ಎಂದು ಹೇಳಿದೆ. ಶೋಭ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಮುಂದಿನ ಸೀಟಿನವರು ತಿರುಗಿ ನೋಡಿದರು. ಇಪ್ಪತ್ತು ವರ್ಷದ ನಮ್ಮ ಸಂಸಾರದಲ್ಲಿ ಇನ್ನೂ ಎಷ್ಟು ಸಂಗತಿಗಳು ಹೀಗೆ ಸುತ್ತು ಹಾಕಿ ಇದ್ದಲ್ಲೇ ನಿಂತಿವೆಯೋ ಎಂದು ನನಗೆ ಯೋಚನೆಯಾಯಿತು. ಆದರೆ ಅವಳ ಜೊತೆ ನಗಲು ಆಗಲಿಲ್ಲ. ತೊಡೆಯ ಮೇಲೆ ಕುಂಡವಿತ್ತು, ಮದ್ದೂರು ಹತ್ತಿರ ಬರುತ್ತಿತ್ತು.

ಕಲ್ಯಾಣ ಮಂಟಪದ ಉಗ್ರಾಣದ ಬಾಗಿಲಲ್ಲಿ ನಿಂಗಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳನ್ನು ದಾಟಿ ಒಂದು ತೆಂಗಿನಕಾಯಿಯೂ ಹೊರಗೆ ಹೋಗುವಂತಿರಲಿಲ್ಲ. ಅಕ್ಕ ಅರಿಶಿನದ ಕೈ ಒರೆಸಿಕೊಳ್ಳುತ್ತ ಓಡಿಬಂದು ಪಂಚೆ ಸರಿಸಿದಳು. ಸರಿಸಿದವಳು ಹಾಗೇ ನಿಂತಳು. ಕುಂಡವನ್ನು ಹೇಗೆ ಹಿಡಿದರೂ ಮೊಳಕೆಗಳು ಒಂದು ಕಡೆಗೆ ಬಿದ್ದುಕೊಂಡಿದ್ದವು. ನಾನು ಕುಂಡವನ್ನು ಆ ಕಡೆ ಈ ಕಡೆ ವಾಲಿಸಿ ಹಿಡಿದು ಸರಿಮಾಡಿ ತೋರಿಸಲು ನೋಡಿದೆ. ಅಕ್ಕ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ.

"ಓಗ್ಲಿ ಬುಡು. ನೀನೇನ್ ಮಾಡೀಯ" ಅಂದಳು.

ಅದೊಂದು ಮಾತು ನನ್ನ ಎದೆಗೆ ನಾಟಿತು. ಬಾಳೆಗೊನೆ ಹೋದಾಗ ಇಡೀ ಮನೆಯವರು ಬೈದಿದ್ದರು, ನನಗೆ ಇಷ್ಟು ಬೇಜಾರಾಗಿರಲಿಲ್ಲ. ನನ್ನ ಅಕ್ಕನಿಗೆ ಇರುವವನು ನಾನೊಬ್ಬನೇ ತಮ್ಮ, ಆ ತಮ್ಮನಿಂದ ಇನ್ನು ಏನನ್ನೂ ಕೇಳಬಾರದು ಎಂದು ಅವಳು ಆ ಕ್ಷಣ ತೀರ್ಮಾನಿಸಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಫ್ಯಾನಿನ ಕೆಳಗಿನ ಕುರ್ಚಿ ಖಾಲಿಯಿತ್ತು. ಯಾರೋ ನನಗಾಗಿ ಆಗಲೇ ಕಾಫಿ ತರಲು ಹೋಗಿದ್ದರು.

ಅಷ್ಟರಲ್ಲಿ ನಿಂಗಜ್ಜಿ ಕೂತಲ್ಲಿಂದಲೇ ಕೈ ಮಾಡಿ ಕರೆದಳು. "ಇತ್ತಗ್ ತತ್ತಾರ್ಲಾ." ಕುಂಡವನ್ನು ಅವಳ ಕಣ್ಣ ಹತ್ತಿರ ಹಿಡಿದೆ. ಅಜ್ಜಿ ಒಂದು ಮೊಳಕೆಯನ್ನು ಬೆರಳಿನಿಂದ ಮೀಟಿ ನೋಡಿದಳು.

"ಬೆಳಕ್ನಲ್ಲಿ ಮಡಗಿದ್ದಾ?"

"ಹೌದಜ್ಜಿ. ಗಿಡಕ್ಕೆ ಬೆಳಕು ಬೇಕಲ್ಲ…"

"ಇದು ಗಿಡ ಅಲ್ಲ ಕಣ್ಲಾ, ಮೊಳೆ. ನಿನ್ನೆ ಉಟ್ಟಿದ್ ಕೂಸ್ನ ಬಿಸ್ಲಲ್ ಮಡಗೀಯಾ? ಬೆಳಕ್ ಕಂಡ್ರೆ ಅತ್ತಗೇ ಓಯ್ತದೆ. ಕತ್ಲಲ್ಲಿ ಮಡಗಿದ್ರೆ ಎತ್ತಗೂ ಓಗಾಕಿಲ್ಲ, ಮೇಲಕ್ಕೇ ಎದ್ ನಿತ್ಕತದೆ. ಮಂಕ್ರಿ ತತ್ತಾ ಒಸಿ."

ಅಡುಗೆಯವರು ತರಕಾರಿ ತಂದ ಮಂಕರಿಯೊಂದನ್ನು ಖಾಲಿ ಮಾಡಿಸಿ, ಉಗ್ರಾಣದ ಮೂಲೆಯಲ್ಲಿ, ಅಕ್ಕಿ ಮೂಟೆಗಳ ಹಿಂದೆ ಅಜ್ಜಿಯೇ ನಿಂತು ಬೋರಲು ಹಾಕಿಸಿದಳು. ಮೇಲೊಂದು ಗೋಣಿಚೀಲ ಹೊದಿಸಿದಳು. ನನಗೆ ಆಗ ಪಾಠದ ಮುಂದಿನ ಪುಟ ನೆನಪಾಯಿತು. ಬೆಳಕಿಲ್ಲದಿದ್ದರೆ ಮೊಳಕೆಗೆ ಭೂಮಿಯ ಸೆಳೆತವೊಂದೇ ದಾರಿ ತೋರಿಸುತ್ತದೆ. ಬೇರು ಕೆಳಗೆ ಇಳಿಯುತ್ತದೆ, ಕಾಂಡ ಮೇಲಕ್ಕೆ ಏಳುತ್ತದೆ. ಅದನ್ನೂ ನಾನೇ ಇಪ್ಪತ್ತಮೂರು ವರ್ಷ ಹೇಳಿಕೊಟ್ಟಿದ್ದೆ. ಅಜ್ಜಿಗೆ ಪುಟಗಳ ತೊಂದರೆ ಇರಲಿಲ್ಲ.

ತಪ್ಪನ್ನು ಸ್ವಲ್ಪವಾದರೂ ಹಗುರ ಮಾಡಿಕೊಳ್ಳೋಣ ಎಂದು ಅಜ್ಜಿಯ ಪಕ್ಕ ಕೂತು ವಿವರಿಸಿದೆ. ವಾಲುವುದಕ್ಕೂ ಸಂಸಾರಕ್ಕೂ ಸಂಬಂಧವಿಲ್ಲ, ಬೆಳಕು ಯಾವ ಕಡೆಯಿಂದ ಬೀಳುತ್ತದೋ ಆ ಕಡೆಗೆ ಮೊಳಕೆ ವಾಲುತ್ತದೆ, ಸಣ್ಣ ಬೆಳಕಾದರೂ ಸಾಕು, ಕತ್ತಲ ಕೋಣೆಯಲ್ಲಿ ಒಂದು ಎಣ್ಣೆ ದೀಪ ಇಟ್ಟರೂ ಅತ್ತಲೇ ಬಾಗುತ್ತದೆ ಎಂದೆಲ್ಲ ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನಿಲ್ಲಿಸಿದಳು.

"ಎಣ್ಣೆ ದೀಪ ಮಡಗಿದ್ರೂವೆ?"

"ಹೂಂ."

"ನನ್ ಮದ್ವೆ ಗಂಡಿನ್ ಮನೇಲಿ ಕಣ್ಲಾ, ನನ್ ಸೋದರ್ಮಾವ ಕುಂಡಾನ ಮೊದ್ಲೇ ತಂದ್ ಅಲ್ಲಿ ಮಡಗಿದ್ದ. ನಮ್ಮತ್ತೆ ಆ ಕ್ವಾಣೆಗೆ ಯಾರ್ನೂ ಬುಡ್ತಿರ್ನಿಲ್ಲ. ಅಂಗೆಲ್ಲ ಬರಬಾರ್ದು ಅಂತ ತಾನೊಬ್ಳೇ ಓಯ್ತಿದ್ಲು." ಅಜ್ಜಿಯ ದನಿ ಏರಿತು. "ದೀಪ ಮಡಗವ್ಳೆ! ತನ್ ಕಡೀಕೆ ವಾಲ್ಲಿ ಅಂತ ದೀಪ ಮಡಗವ್ಳೆ ಆ ಮುದ್ಕಿ! ನಾನು ದ್ಯಾವ್ರೇ ಏಳವ್ನೆ ಅಂತ ಸಾಯಗಂಟ ಅವ್ಳ ಮಾತ್ ಕೇಳ್ಕಂಡ್ ಬಿದ್ದಿದ್ನಲ್ಲಪ್ಪಾ!"

ಅತ್ತೆ ಸತ್ತು ನಲವತ್ತು ವರ್ಷವಾಗಿತ್ತು. ಅಜ್ಜಿ ಅಂದು ಮಧ್ಯಾಹ್ನವೆಲ್ಲ ಉಗ್ರಾಣದ ಬಾಗಿಲಲ್ಲಿ ಕೂತು ಅವಳನ್ನು ಬೈದಳು. ವಿಜ್ಞಾನದ ಒಂದು ತತ್ವ ಯಾರನ್ನಾದರೂ ಇಷ್ಟು ಆಳವಾಗಿ ತಟ್ಟಿದ್ದನ್ನು ನನ್ನ ವೃತ್ತಿಯಲ್ಲೇ ನಾನು ಕಂಡಿರಲಿಲ್ಲ. ಬೈಗುಳದ ನಡುವೆ ಒಂದು ಎಚ್ಚರಿಕೆಯನ್ನೂ ಅವಳು ಮರೆಯಲಿಲ್ಲ. ಗಂಡಿನ ಕಡೆಯವರು ಯಾರು ಉಗ್ರಾಣದ ಹತ್ತಿರ ಸುಳಿದರೂ ಮೊದಲು ಅವರ ಕೈಯಲ್ಲಿ ಟಾರ್ಚ್ ಇದೆಯೇ ಎಂದು ನೋಡಿ ಒಳಗೆ ಬಿಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅಕ್ಕ, ನಾನು, ಶೋಭ ಮೂವರೂ ಉಗ್ರಾಣಕ್ಕೆ ಹೋದೆವು. ಅಜ್ಜಿ ಮಂಕರಿ ಎತ್ತಿದಳು. ಅಷ್ಟೂ ಮೊಳಕೆಗಳು ಎದ್ದು ನಿಂತಿದ್ದವು. ಬುಡದಲ್ಲಿ ಬಾಗಿದ್ದ ಗುರುತು ಇತ್ತು, ಅಲ್ಲಿಂದ ಮೇಲಕ್ಕೆ ನೇರ. ಕುತ್ತಿಗೆ ಬಗ್ಗಿಸಿದ್ದ ರಾಗಿ 'ನಾನೂ ಇದ್ದೇನೆ' ಎಂದು ತಲೆ ಎತ್ತಿತ್ತು. ನನ್ನ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ. ಅಕ್ಕ ನನ್ನ ಭುಜದ ಮೇಲೆ ಕೈ ಇಟ್ಟಳು, ಅರಿಶಿನ ಶರಟಿಗೆ ಹತ್ತಿತು. ಇಸ್ತ್ರಿ ಶರಟು ಹಾಳಾದದ್ದಕ್ಕೆ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಧಾರೆಯ ಹೊತ್ತಿಗೆ ಕುಂಡ ಹೊತ್ತು ತಂದು ಗಂಡು ಹೆಣ್ಣಿನ ನಡುವೆ ಇಟ್ಟೆ. ಸುಮ ಬಾಸಿಂಗದ ಸಂದಿಯಿಂದ ಮೊದಲು ನೋಡಿದ್ದು ಗಂಡನನ್ನಲ್ಲ, ಮೊಳಕೆಯನ್ನು. ನೋಡಿ ನನ್ನ ಕಡೆ ಕಣ್ಣಲ್ಲೇ ನಕ್ಕಳು. ಹುಡುಗನ ತಾಯಿ ಮಂಟಪದ ಆ ಕಡೆಯಿಂದ ಬಗ್ಗಿ ನೋಡಿದರು, ಈ ಕಡೆಗೆ ಬಂದು ಮತ್ತೊಮ್ಮೆ ಬಗ್ಗಿ ನೋಡಿದರು. ಎರಡು ಕಡೆಯಿಂದಲೂ ಅದು ನೆಟ್ಟಗೇ ಇತ್ತು. "ಚೆನ್ನಾಗ್ ಬಂದದೆ. ಯಾರು ಬೆಳ್ಸಿದ್ದು?" ಎಂದು ಕೇಳಿದರು. ಅಕ್ಕ ಓಲಗದ ಸದ್ದನ್ನೂ ಮೀರಿ, "ನನ್ ತಮ್ಮ" ಅಂದಳು. ಮಂಕರಿ ಹಾಕಿದ ಅಜ್ಜಿಯ ಹೆಸರು ಬರಲಿಲ್ಲ. ದಿನಾ ತಿರುಗಿಸಿದ ಶೋಭಳ ಹೆಸರೂ ಬರಲಿಲ್ಲ. ನಾನು ಕೂಡ ಹೇಳಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆ ನೆನಪಾಯಿತು, ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಅದನ್ನು ಮತ್ತೆ ಕೂರಿಸಿದೆ. ಅಷ್ಟರಲ್ಲಿ ಫೋಟೋದವನು ಫೋಕಸ್ ಲೈಟು ಹಾಕಿ, ಎಲ್ಲರೂ ಈ ಕಡೆ ನೋಡಿ ಅಂದ.

ಎರಡು ತಿಂಗಳಾದ ಮೇಲೆ ಆಲ್ಬಮ್ ಬಂತು. ನೋಡಲು ದುದ್ದಕ್ಕೆ ಹೋದೆವು. ಅಕ್ಕನ ಮನೆಯ ಪಡಸಾಲೆಯಲ್ಲಿ ಕಿಟಕಿಗೆ ಮುಖಮಾಡಿ ಕುಳಿತು ಹಾಳೆ ತಿರುವಿದೆ. ಧಾರೆಯ ಫೋಟೋ ಬಂತು. ನಡುವೆ ಕುಂಡ, ಅದರಲ್ಲಿ ಗೆರೆ ಎಳೆದಂತೆ ನಿಂತ ಮೊಳಕೆಗಳು. ಗಂಡು ನೆಟ್ಟಗಿದ್ದ, ಹೆಣ್ಣು ನೆಟ್ಟಗಿದ್ದಳು, ಬೀಗರು, ಪುರೋಹಿತರು, ಓಲಗದವರು ಎಲ್ಲರೂ ನೆಟ್ಟಗಿದ್ದರು. ಬಲಗಡೆಯ ತುದಿಯಲ್ಲಿ ಮಾತ್ರ ಅರಿಶಿನ ಹತ್ತಿದ ಶರಟಿನ ಒಬ್ಬ ಮನುಷ್ಯ, ಇಬ್ಬರು ಬೀಗಿತ್ತಿಯರ ಹೆಗಲ ನಡುವೆ ಕುತ್ತಿಗೆ ತೂರಿಸಿ, ಸೊಂಟದಿಂದ ಮೇಲಕ್ಕೆ ಪೂರ್ತಿ ಫೋಕಸ್ ಲೈಟಿನ ಕಡೆಗೆ ವಾಲಿಕೊಂಡಿದ್ದ. ಪಠ್ಯಪುಸ್ತಕದ ಚಿತ್ರದಲ್ಲೂ ಅಷ್ಟು ಸ್ಪಷ್ಟವಾಗಿ ತೋರಿಸಿಲ್ಲ. ನಿಂಗಜ್ಜಿ ಆಲ್ಬಮ್ ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಮೊಳೆ ಜೊತ್ಗೆ ಇವುನ್ನೂವೆ ಒಂದ್ ರಾತ್ರಿ ಮಂಕ್ರಿ ಕೆಳ್ಗೆ ಮಡಗ್ಬೇಕಾಗಿತ್ತು ಕಣಮ್ಮ" ಅಂದಳು.

ಶೋಭ ನಗಲಿಲ್ಲ. ಹಿಂದಿನಿಂದ ಬಂದು, ತುಳಸಿ ಕುಂಡಕ್ಕೆ ಕೈ ಹಾಕುವ ಹಾಗೆಯೇ ನನ್ನ ಎರಡೂ ಭುಜ ಹಿಡಿದು, ಕಿಟಕಿಯ ಕಡೆಗಿದ್ದ ನನ್ನನ್ನು ಗೋಡೆಯ ಕಡೆಗೆ ಅರ್ಧ ಸುತ್ತು ತಿರುಗಿಸಿ ಒಳಗೆ ಹೋದಳು. ನಾನು ಗೋಡೆ ನೋಡುತ್ತಾ ಕೂತೆ. ಅಷ್ಟರಲ್ಲಿ ಕಾಫಿ ತಂದ ಅಕ್ಕ, "ಅದ್ಯಾಕೋ ಗೋಡೆ ನೋಡ್ಕೊಂಡು ಕುಂತಿದ್ದೀಯ, ನನ್ ತಮ್ಮ! ಇತ್ತ ತಿರುಗು" ಎಂದು, ಅದೇ ಭುಜ ಹಿಡಿದು ಇನ್ನರ್ಧ ಸುತ್ತು ತಿರುಗಿಸಿದಳು. ನಾನು ಮತ್ತೆ ಕಿಟಕಿಯ ಕಡೆಗೇ ಇದ್ದೆ.